ಮೆಗ್ನೀಸಿಯಂ ಶೀಟ್ ಬಗ್ಗಿಸಿದ್ರೆ ಯಾಕೆ ಸೀಳುತ್ತೆ?

ಪ್ರಶ್ನೆ: ನಮಸ್ಕಾರ ಸರ್. ತುಮಕೂರು ಅಂತರಸನಹಳ್ಳಿ ಇಂಡಸ್ಟ್ರಿಯಲ್ ಏರಿಯಾದಲ್ಲಿ ನಮ್ದೊಂದು ಸಣ್ಣ ಶೀಟ್ ಮೆಟಲ್ ಶಾಪ್ ಇದೆ. ಈಚೆಗೆ ಒಬ್ರು ಕಸ್ಟಮರ್ 1.5 ಎಂಎಂ ಎಜೆಡ್31 (ಅಲ್ಯೂಮಿನಿಯಂ, ಸತು ಬೆರೆಸಿದ ಮೆಗ್ನೀಸಿಯಂ ಮಿಶ್ರಲೋಹ) ಶೀಟ್ ತಂದು ಬ್ರಾಕೆಟ್ ಮಾಡಿಕೊಡಿ ಅಂದ್ರು, ಅಲ್ಯೂಮಿನಿಯಂಗೆ ಹಾಕೋ ಡೈನಲ್ಲೇ (ಅಚ್ಚಲ್ಲೇ) ಶೀಟ್ ಬಗ್ಗಿಸೋ ಪ್ರೆಸ್ ಬ್ರೇಕ್‌ಗೆ ಕೊಟ್ವಿ, 90 ಡಿಗ್ರಿ ಬರೋಕ್ಕೆ ಮುಂಚೆನೇ ಬೆಂಡ್ ಲೈನ್ ಉದ್ದಕ್ಕೂ ಟಪ್ ಅಂತ ಸೀಳಿಹೋಯ್ತು. ಮೆಟೀರಿಯಲ್ಲೇ ಸರಿ ಇಲ್ವಾ? ಗುಬ್ಬಿ ತಾಲ್ಲೂಕಲ್ಲಿ ಹೆಲಿಕಾಪ್ಟರ್ ಫ್ಯಾಕ್ಟರಿ ಬಂದಿದೆಯಲ್ಲ, ಇದನ್ನ ಕಲಿತರೆ ನಮ್ಮಂಥೋರಿಗೆ ಕೆಲಸ ಸಿಗುತ್ತಾ?

ಉತ್ತರ: ಮೆಟೀರಿಯಲ್ ಸರಿಯಾಗೇ ಇದ್ದಿರುತ್ತೆ, ತಣ್ಣಗಿರೋ ಮೆಗ್ನೀಸಿಯಂ ಶೀಟ್ ಗುಣವೇ ಅದು. ಇದರ ಹರಳುಗಳ ಒಳಗೆ ಪರಮಾಣುಗಳು ಇಸ್ಪೀಟ್ ಕಟ್ಟಿನ ಥರ ಪದರ ಪದರವಾಗಿ ಕೂತಿರ್ತವೆ, ರೂಮ್ ಟೆಂಪರೇಚರ್‌ನಲ್ಲಿ ಆ ಪದರಗಳು ಒಂದರ ಮೇಲೊಂದು ಪಕ್ಕಕ್ಕೆ ಜಾರೋದು ಬಿಟ್ರೆ ಬೇರೆ ದಾರಿ ಕಮ್ಮಿ, ಅದೂ ಸಾಲದು ಅಂತ ರೋಲಿಂಗ್ ಮಾಡುವಾಗ ಹೆಚ್ಚಿನ ಹರಳುಗಳು ಶೀಟ್‌ಗೆ ಸಮನಾಗಿ ಮಲಗಿಬಿಡ್ತವೆ. ನೀವು ಬಗ್ಗಿಸಿದಾಗ ಹೊರಮೈ ಹಿಗ್ಗಬೇಕು, ದಪ್ಪ ಸ್ವಲ್ಪ ತೆಳುವಾಗಬೇಕು, ಅದಕ್ಕೆ ಜಾಗನೇ ಇಲ್ಲ, ಸೀಳುತ್ತೆ. ಅಲ್ಯೂಮಿನಿಯಂ ಹರಳಲ್ಲಿ ಜಾರೋ ದಾರಿಗಳು ಎಷ್ಟೋ ಇವೆ, ಅದಕ್ಕೇ ಅದು ಹೇಳಿದಂಗೆ ಕೇಳುತ್ತೆ.

ಬಿಸಿ ಮಾಡಿ. 200ರಿಂದ 300 ಡಿಗ್ರಿ ಸೆಲ್ಸಿಯಸ್ ಮಧ್ಯೆ ಬೇರೆ ಜಾರುದಾರಿಗಳೂ ತೆರೆದುಕೊಳ್ತವೆ. ಅನೀಲ್ ಮಾಡಿದ (ಕಾಯಿಸಿ ಮೆತ್ತಗೆ ಮಾಡಿದ) ಎಜೆಡ್31 ತಣ್ಣಗಿದ್ರೆ ಒಳಗಿನ ಬೆಂಡ್ ರೇಡಿಯಸ್ (ಬಾಗಿದ ಮೂಲೆಯ ಒಳಗಡೆ ತ್ರಿಜ್ಯ) ಶೀಟ್ ದಪ್ಪದ 5-6 ಪಟ್ಟಾದ್ರೂ ಇರಬೇಕು, ಅಂದ್ರೆ ನಿಮ್ಮ 1.5 ಎಂಎಂಗೆ 8-9 ಎಂಎಂ. 260 ಡಿಗ್ರಿ ಹತ್ರ ಆದ್ರೆ ದಪ್ಪದ ಎರಡು ಪಟ್ಟು ಸಾಕು. ಶೀಟ್ ಮಾತ್ರ ಕಾಯಿಸಿ ತಣ್ಣನೆ ಡೈ ಮೇಲೆ ಇಟ್ರೆ ಮುಟ್ಟಿದ ತಕ್ಷಣ ಶಾಖ ಡೈಗೆ ಹೋಗಿಬಿಡುತ್ತೆ, ಹಾಗಾಗಿ ಡೈಗೂ ಕಾರ್ಟ್ರಿಡ್ಜ್ ಹೀಟರ್ (ತೂತಲ್ಲಿ ಕೂರಿಸೋ ಕೊಳವೆ ಥರದ ಕರೆಂಟ್ ಹೀಟರ್) ಹಾಕ್ಸಿ. ಟೆಂಪರೇಚರ್ ನೋಡೋಕೆ ಇನ್ಫ್ರಾರೆಡ್ ಗನ್ ನಂಬ್ಬೇಡಿ, ಹೊಳೆಯೋ ಲೋಹದ ಮೇಲೆ ಅದು ಕಮ್ಮಿ ತೋರಿಸುತ್ತೆ, ನೀವು ಇನ್ನೂ ಕಾಯಿಸ್ತಾ ಹೋಗ್ತೀರ. ಮುಟ್ಟಿಸಿ ಅಳೆಯೋ ಥರ್ಮೋಕಪಲ್ ತಗೊಳ್ಳಿ. ಲೂಬ್ರಿಕೆಂಟ್‌ಗೆ ಗ್ರಾಫೈಟ್ ಹಚ್ಚಿದ್ರೆ ಆಮೇಲೆ ಪೂರ್ತಿ ತೊಳೆದುಬಿಡಿ, ಗ್ರಾಫೈಟ್ ಉಳಿದುಕೊಂಡಿರೋ ಕಡೆ ಲೋಹ ತಿಂದುಹೋಗುತ್ತೆ.

ಇಷ್ಟೆಲ್ಲಾ ಕಷ್ಟ ಯಾಕೆ ಪಡಬೇಕು ಅಂದ್ರೆ, ತೂಕ. ಒಂದು ಚದರ ಮೀಟರ್ 1 ಎಂಎಂ ಸ್ಟೀಲ್ ಶೀಟ್ 7.85 ಕೆಜಿ ಇರುತ್ತೆ. ಅಷ್ಟೇ ಬಿಗಿ (ಬಗ್ಗದೆ ನಿಲ್ಲೋ ಗುಣ) ಬರಬೇಕು ಅಂದ್ರೆ ಅಲ್ಯೂಮಿನಿಯಂ ಸುಮಾರು 1.4 ಎಂಎಂ ದಪ್ಪ ಬೇಕು, ತೂಕ 4 ಕೆಜಿ ಹತ್ರ, ಮೆಗ್ನೀಸಿಯಂ 1.7 ಎಂಎಂ ಬೇಕು, ತೂಕ 3 ಕೆಜಿ ಹತ್ರ ಅಷ್ಟೇ. 2015ರ ಪೋರ್ಷೆ 911 ಜಿಟಿ3 ಆರ್‌ಎಸ್ ಕಾರಿನ ಛಾವಣಿಗೆ ಇದನ್ನೇ ಹಾಕಿದ್ರು, ತೂಕ ಮೇಲ್ಗಡೆ ಕಮ್ಮಿ ಆದಷ್ಟೂ ತಿರುವಲ್ಲಿ ಗಾಡಿ ಚೆನ್ನಾಗಿ ನಿಲ್ಲುತ್ತೆ ಅಂತ.

ರೇಟ್ ಜಾಸ್ತಿ ಇರೋದಕ್ಕೆ ಶೀಟ್ ಮಾಡೋ ದಾರಿನೇ ದೊಡ್ಡ ಕಾರಣ. ಹಳೇ ಪದ್ಧತಿಯಲ್ಲಿ ದಪ್ಪ ಸ್ಲ್ಯಾಬ್ ಎರಕ ಹೊಯ್ದು, ಬಿಸಿ ಮಾಡಿ, ಸ್ವಲ್ಪ ಸ್ವಲ್ಪವೇ ರೋಲ್ ಮಾಡಿ, ಮತ್ತೆ ಬಿಸಿ ಮಾಡಿ, ಮತ್ತೆ ರೋಲ್ ಮಾಡಿ, ಅಂಚು ಬಿರುಕು ಬಿಟ್ಟಿದ್ದನ್ನ ಕತ್ತರಿಸಿ ಬಿಸಾಕಿ, ಹೀಗೇ ನಡೀತಾ ಹೋಗುತ್ತೆ. ಅದರ ಬದಲು ಕರಗಿದ ಲೋಹನ ನೀರಿನಿಂದ ತಣ್ಣಗಿಟ್ಟಿರೋ ಎರಡು ರೋಲ್ ನಡುವೆ ನೇರವಾಗಿ ಬಿಟ್ರೆ ಕೆಲವೇ ಮಿಲಿಮೀಟರ್ ದಪ್ಪದ ಪಟ್ಟಿಯಾಗೇ ಹೊರಗೆ ಬರುತ್ತೆ, ಬೇಗ ತಣ್ಣಗಾಗೋದ್ರಿಂದ ಹರಳುಗಳೂ ಸಣ್ಣವಾಗಿರ್ತವೆ, ಆಮೇಲೆ ರೋಲಿಂಗ್ ಸುತ್ತು ಎಷ್ಟೋ ಕಮ್ಮಿ. ಆಸ್ಟ್ರೇಲಿಯಾದ ಸರ್ಕಾರಿ ಸಂಶೋಧನಾ ಸಂಸ್ಥೆ ಸಿಎಸ್‌ಐಆರ್‌ಒ, ಕೊರಿಯಾದ ಉಕ್ಕು ಕಂಪನಿ ಪೋಸ್ಕೋ ಇದರಲ್ಲಿ ತುಂಬಾ ಕೆಲಸ ಮಾಡಿವೆ. ನನಗೆ ಹೆಚ್ಚು ಆಸೆ ಇರೋದು ಹೊಸ ಮಿಶ್ರಲೋಹಗಳ ಮೇಲೆ. 2017ರಲ್ಲಿ ಜಪಾನಿನ ವಸ್ತು ವಿಜ್ಞಾನ ಸಂಶೋಧನಾ ಸಂಸ್ಥೆ ಎನ್‌ಐಎಂಎಸ್ ಮತ್ತು ನಾಗಾವೊಕಾ ತಂತ್ರಜ್ಞಾನ ವಿಶ್ವವಿದ್ಯಾಲಯದವರು ಸುಮಾರು 1.1% ಅಲ್ಯೂಮಿನಿಯಂ ಜೊತೆಗೆ ಚೂರು ಕ್ಯಾಲ್ಸಿಯಂ, ಮ್ಯಾಂಗನೀಸ್, ಸತು ಸೇರಿಸಿ, ತಣ್ಣಗೇ ಒತ್ತಬಹುದಾದ ಶೀಟ್ ಮಾಡಿ ತೋರಿಸಿದ್ರು, ಗಟ್ಟಿತನವೂ (ಶಾಶ್ವತವಾಗಿ ಬಗ್ಗೋಕೆ ಮುಂಚೆ ತಡೆಯೋ ಒತ್ತಡ) 200 ಮೆಗಾಪ್ಯಾಸ್ಕಲ್ ದಾಟಿತು. ಇಂಥದ್ದು ಮಾರ್ಕೆಟ್‌ಗೆ ಬಂದ್ರೆ ನಿಮ್ಮ ಡೈ ಹೀಟರ್ ತಲೆನೋವೇ ಇರಲ್ಲ.

ಗುಬ್ಬಿ ವಿಷ್ಯ. 2023ರ ಫೆಬ್ರವರಿಯಲ್ಲಿ ಉದ್ಘಾಟನೆ ಆದ ಆ ಎಚ್‌ಎಎಲ್ ಘಟಕದಿಂದ ನಾಳೆನೇ ಮೆಗ್ನೀಸಿಯಂ ಶೀಟ್ ಆರ್ಡರ್ ಬರುತ್ತೆ ಅಂತ ನಾನು ಹೇಳಲ್ಲ. ಸಾಮಾನ್ಯವಾಗಿ ಹೆಲಿಕಾಪ್ಟರ್‌ಗಳಲ್ಲಿ ಮೆಗ್ನೀಸಿಯಂ ಹೆಚ್ಚು ಇರೋದು ಗೇರ್‌ಬಾಕ್ಸ್ ಹೌಸಿಂಗ್‌ನಂಥ ಎರಕದ ಭಾಗಗಳಲ್ಲಿ, ಶೀಟ್ ರೂಪದಲ್ಲಿ ಕಮ್ಮಿ. ಆದ್ರೆ ಬಿಸಿ ಡೈನಲ್ಲಿ ಕೆಲಸ ಮಾಡೋದು, ಬ್ಯಾಚ್ ಬ್ಯಾಚ್‌ಗೂ ಟೆಂಪರೇಚರ್ ಬರೆದಿಡೋದು ಬಂದ್ರೆ ಅದು ಟೈಟಾನಿಯಂ ಶೀಟ್‌ಗೂ ಆಗುತ್ತೆ, ಖಂಡಿತ ಕಲೀರಿ.

ಪ್ರಶ್ನೆ: ಮೆಗ್ನೀಸಿಯಂ ಅಂದ್ರೆ ಸ್ಕೂಲ್ ಲ್ಯಾಬಲ್ಲಿ ಬೆಳ್ಳಗೆ ಉರಿಯೋ ರಿಬ್ಬನ್ ನೆನಪಾಗುತ್ತೆ. ವಿಮಾನದಲ್ಲಿ ಹಾಕೋದು ಡೇಂಜರ್ ಅಲ್ವಾ? (ಓದುಗರು, ತಿಪಟೂರು)

ಉತ್ತರ: ರಿಬ್ಬನ್ ತೆಳು, ಬೇಗ ಕಾಯುತ್ತೆ. ದಪ್ಪ ತುಂಡು ಶಾಖನ ಒಳಗೆ ಹಂಚಿಕೊಳ್ಳೋದ್ರಿಂದ ಕರಗೋ ಹಂತಕ್ಕೆ ಬರೋವರೆಗೂ ಸುಲಭವಾಗಿ ಹತ್ತಿಕೊಳ್ಳಲ್ಲ. ವಿಮಾನದ ಸೀಟ್‌ಗಳಲ್ಲಿ ಬಹಳ ಕಾಲ ಮೆಗ್ನೀಸಿಯಂ ಬೇಡ ಅಂತಲೇ ಇತ್ತು, ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ ಬೆಂಕಿ ಪರೀಕ್ಷೆಗಳನ್ನ ಮಾಡಿಸಿದ ಮೇಲೆ 2015ರಲ್ಲಿ ಸೀಟ್ ಮಾನದಂಡ ಸಡಿಲ ಆಯ್ತು, ಇಟ್ರಿಯಂ ಅನ್ನೋ ಲೋಹ ಸೇರಿಸಿದ ಮಿಶ್ರಲೋಹಗಳು ಆ ಪರೀಕ್ಷೆಯಲ್ಲಿ ಚೆನ್ನಾಗಿ ತಡೆದುಕೊಂಡ್ವು.

ನಿಜವಾದ ಅಪಾಯ ಇರೋದು ವರ್ಕ್‌ಶಾಪಲ್ಲಿ, ಪುಡಿ ಮತ್ತು ಚಿಪ್ಸ್‌ನಲ್ಲಿ. ಅಂತರಸನಹಳ್ಳಿಯವರೂ ಇದನ್ನ ಓದ್ಲಿ: ಕಬ್ಬಿಣ ಉಜ್ಜೋ ಗ್ರೈಂಡರ್‌ನಲ್ಲಿ ಮೆಗ್ನೀಸಿಯಂ ಹಿಡೀಬೇಡಿ, ಚಿಪ್ಸ್‌ನ ಒದ್ದೆ ಆಗದಂತೆ ಬೇರೆ ಡಬ್ಬಿಯಲ್ಲಿ ಹಾಕಿಡಿ, ಬೆಂಕಿ ಹತ್ತಿದ್ರೆ ನೀರು ಹಾಕಲೇಬೇಡಿ, ಹೈಡ್ರೋಜನ್ ಬಂದು ಇನ್ನೂ ಜೋರಾಗುತ್ತೆ. ಚೆನ್ನಾಗಿ ಒಣಗಿದ ಮರಳು ಒಂದು ಡ್ರಮ್ ಪಕ್ಕದಲ್ಲೇ ಇರಲಿ, ಜೊತೆಗೆ ಲೋಹದ ಬೆಂಕಿಗೆ ಅಂತಲೇ ಬರೋ ಕ್ಲಾಸ್ ಡಿ ಎಕ್ಸ್‌ಟಿಂಗ್ವಿಶರ್ ಒಂದು ತರಿಸಿಟ್ಕೊಳ್ಳಿ.