ಭುಜದ ಪಟ್ಟಿ ಸೈನ್ಯದ್ದು, ಗಿಡ್ಡ ಸ್ಕರ್ಟು ರೇಷನ್ನಿನದು

ದಾವಣಗೆರೆಯ ಓದುಗರೊಬ್ಬರು ಬರೆದಿದ್ದಾರೆ: 'ಮಗಳು ತರಿಸಿಕೊಂಡ ಕೋಟಿಗೆ ಭುಜದ ಮೇಲೆ ಪಟ್ಟಿ, ಬೆಲ್ಟಿಗೆ ಲೋಹದ ರಿಂಗು. ಯಾಕೆ ಅಂದರೆ ಮಿಲಿಟರಿ ಸ್ಟೈಲ್ ಅಂತಾಳೆ. ಯುದ್ಧದ ಕಾಲದಲ್ಲಿ ಹೆಂಗಸರು ಯೂನಿಫಾರ್ಮಿಗೆ ಮರುಳಾಗಿ ಹಾಗೇ ತೊಡಲು ಶುರು ಮಾಡಿದರೇ? ನಮ್ಮಲ್ಲೂ ಹಾಗಾಯಿತೇ?'

ಮಗಳು ಹೇಳಿದ್ದು ಸರಿ. ನಿಮ್ಮ 'ಮರುಳಾಗಿ' ಅನ್ನುವ ಮಾತಿಗೆ ಮಾತ್ರ ನನ್ನ ತಕರಾರು.

ಅದು ಟ್ರೆಂಚ್ ಕೋಟು. ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೇನಾಧಿಕಾರಿಗಳು ಕಂದಕದ ಮಳೆ, ಕೆಸರಿನಲ್ಲಿ ತೊಡುತ್ತಿದ್ದ ಕೋಟು. ಭುಜದ ಪಟ್ಟಿ ದರ್ಜೆಯ ಗುರುತಿಗೆ, ರಿಂಗು ಸಾಮಾನು ಸಿಕ್ಕಿಸಲು. ಸಾದಾ ಸಿಪಾಯಿಗೆ ಇದನ್ನು ಕೊಡುತ್ತಿರಲಿಲ್ಲ. ಅಧಿಕಾರಿಗಳೇ ಕೈಯಿಂದ ದುಡ್ಡು ಹಾಕಿ ಲಂಡನ್ನಿನ ಅಂಗಡಿಗಳಾದ ಬರ್ಬೆರಿ, ಅಕ್ವಾಸ್ಕ್ಯೂಟಮ್‌ಗಳಲ್ಲಿ ಕೊಳ್ಳುತ್ತಿದ್ದರು. ಅಂಗಡಿಯಲ್ಲಿ ಸಿಗುವ ಮಾಲು ಅಂದಮೇಲೆ ಹೆಂಗಸರ ಮೈಗೆ ಬರಲು ಎಷ್ಟು ಹೊತ್ತು?

ಎರಡನೇ ಮಹಾಯುದ್ಧದ ಕತೆ ಬೇರೆ. ಆಗಿನ ಲಂಡನ್ನಿನ ಫೋಟೋಗಳಲ್ಲಿ ಹೆಂಗಸರ ಉಡುಪು ಯೂನಿಫಾರ್ಮಿನ ಹಾಗೇ ಕಾಣುತ್ತದೆ: ಚೌಕಾಕಾರದ ಭುಜ, ಮೊಣಕಾಲಿನವರೆಗಿನ ನೇರ ಸ್ಕರ್ಟು, ಅಲಂಕಾರವಿಲ್ಲದ ಜಾಕೆಟ್ಟು. ಆದರೆ ಆ ಚೌಕ ಭುಜ ಯುದ್ಧಕ್ಕೆ ಮೊದಲೇ, 1930ರ ದಶಕದಲ್ಲಿ, ಪ್ಯಾರಿಸ್ಸಿನ ವಿನ್ಯಾಸಕಿ ಎಲ್ಸಾ ಸ್ಕ್ಯಾಪರೆಲ್ಲಿಯಂಥವರು ತಂದದ್ದು. ಮಿಕ್ಕಿದ್ದು ಬಟ್ಟೆಯ ಅಭಾವದಿಂದ ಆದದ್ದು. ಬ್ರಿಟನ್ನಿನಲ್ಲಿ 1941ರ ಜೂನ್ 1ರಿಂದ ಬಟ್ಟೆಗೂ ರೇಷನ್. ಮೊದಲ ವರ್ಷಕ್ಕೆ ತಲೆಗೆ 66 ಕೂಪನ್. ಒಂದು ಉಣ್ಣೆಯ ಡ್ರೆಸ್ಸಿಗೇ 11 ಹೋಗುತ್ತಿತ್ತು. ದುಡ್ಡಿದ್ದರೂ ಕೂಪನ್ ಇಲ್ಲದಿದ್ದರೆ ಸುಮ್ನೆ ವಾಪಸ್ ಬರಬೇಕು. 1942ರಲ್ಲಿ ಇನ್ನೂ ಬಿಗಿ ಮಾಡಿದರು. ನೆರಿಗೆ ಎಷ್ಟು, ಗುಂಡಿ ಎಷ್ಟು, ಜೇಬು ಎಷ್ಟು ಅಂತ ಸರ್ಕಾರವೇ ಲೆಕ್ಕ ಕಟ್ಟಿತು. ಈ ಮಿತಿಯೊಳಗೆ ಚೆಂದದ ಬಟ್ಟೆ ಹೊಲಿಯಬಹುದು ಅಂತ ತೋರಿಸಲು ನಾರ್ಮನ್ ಹಾರ್ಟ್ನೆಲ್, ಹಾರ್ಡಿ ಏಮೀಸ್ ಅವರಂಥ ದೊಡ್ಡ ವಿನ್ಯಾಸಕಾರರ ಕೈಯಲ್ಲಿ ಮಾದರಿಗಳನ್ನು ಮಾಡಿಸಿತು. ರಾಣಿಗೆ ಗೌನು ಹೊಲಿಯುವ ಹಾರ್ಟ್ನೆಲ್ ಗುಂಡಿ ಎಣಿಸುತ್ತಾ ಕೂತದ್ದನ್ನು ನೆನೆದರೆ ನನಗೆ ನಗು ಬರುತ್ತದೆ!

ಮರುಳಾಗುವುದಕ್ಕಿಂತ ಕೆಲಸದ ಪಾಲೇ ಜಾಸ್ತಿ. 1941ರ ಡಿಸೆಂಬರಿನಲ್ಲಿ 20ರಿಂದ 30 ವಯಸ್ಸಿನ ಅವಿವಾಹಿತೆಯರನ್ನೂ ಕಡ್ಡಾಯ ಸೇವೆಗೆ ಕರೆದರು. ಕಾರ್ಖಾನೆಗೆ ಹೋದವರು ಪ್ಯಾಂಟು ಹಾಕಿದರು. ಕೂದಲು ಯಂತ್ರಕ್ಕೆ ಸಿಕ್ಕಬಾರದೆಂದು ತಲೆಗೆ ಬಟ್ಟೆ ಸುತ್ತಿದರು. ಅಮೆರಿಕದಲ್ಲಂತೂ ಒಂದು ಕಣ್ಣು ಮುಚ್ಚುವಂತೆ ಕೂದಲು ಬಿಡುತ್ತಿದ್ದ ನಟಿ ವೆರೋನಿಕಾ ಲೇಕ್, ಕಾರ್ಖಾನೆ ಹುಡುಗಿಯರು ಹಾಗೇ ಮಾಡಬಾರದೆಂದು, ಸರ್ಕಾರದ ಕೋರಿಕೆಯ ಮೇರೆಗೆ ಕೂದಲು ಎತ್ತಿ ಕಟ್ಟಿದರು.

ಯೂನಿಫಾರ್ಮಿನ ಮೋಹವೇ ಕಾರಣವಾಗಿದ್ದರೆ ಯುದ್ಧ ಮುಗಿದ ಮೇಲೂ ಅದು ಉಳಿಯಬೇಕಿತ್ತು, ಅಲ್ವಾ? 1947ರ ಫೆಬ್ರವರಿಯಲ್ಲಿ ಪ್ಯಾರಿಸ್ಸಿನಲ್ಲಿ ವಿನ್ಯಾಸಕಾರ ಕ್ರಿಶ್ಚಿಯನ್ ಡಿಯೋರ್ ಸಣ್ಣ ಸೊಂಟ, ಇಳಿದ ಭುಜ, ಗಜಗಟ್ಟಲೆ ಬಟ್ಟೆಯ ಸ್ಕರ್ಟು ತೋರಿಸಿದರು. ಬ್ರಿಟನ್ನಿನಲ್ಲಿ ರೇಷನ್ ಇನ್ನೂ ಇತ್ತು, ಮಂತ್ರಿ ಸ್ಟಾಫರ್ಡ್ ಕ್ರಿಪ್ಸ್ ಇದನ್ನು ವಿರೋಧಿಸಿದರು. (ಹೌದು, 1942ರಲ್ಲಿ ನಮ್ಮ ದೇಶಕ್ಕೆ ಸಂಧಾನಕ್ಕೆ ಬಂದಿದ್ದ ಅದೇ ಕ್ರಿಪ್ಸ್.) ಹೆಂಗಸರು ಕೇಳಬೇಕಲ್ಲ! ಆದರೆ ಪ್ಯಾಂಟನ್ನು ಪೂರ್ತಿ ಬಿಟ್ಟುಕೊಡಲಿಲ್ಲ, ಯುದ್ಧದಲ್ಲಿ ರೂಢಿಯಾದ, ಹೆಗಲಿಗೆ ಹಾಕುವ ಚೀಲವನ್ನೂ ಬಿಡಲಿಲ್ಲ. ಎರಡೂ ಅನುಕೂಲದವು.

ಇನ್ನು ನಮ್ಮ ಕಡೆಯ ಮಾತು. ಇಲ್ಲಿ ಎರಡು ದಾರಿ ಕಾಣುತ್ತದೆ. ಆಜಾದ್ ಹಿಂದ್ ಫೌಜಿನಲ್ಲಿ 1943ರಲ್ಲಿ ಸಿಂಗಾಪುರದಲ್ಲಿ ಶುರುವಾದ ಝಾನ್ಸಿ ರಾಣಿ ರೆಜಿಮೆಂಟಿನಲ್ಲಿ ಅದರ ನಾಯಕಿ ಡಾ. ಲಕ್ಷ್ಮಿಯವರ ಜೊತೆಗಿದ್ದ ಹೆಣ್ಣುಮಕ್ಕಳು ಸೀರೆ ಬಿಟ್ಟು ಶರಟು, ಪ್ಯಾಂಟು ತೊಟ್ಟರು. ಬ್ರಿಟಿಷರ ಕಡೆಯ ಭಾರತೀಯ ನೌಕಾಪಡೆಯ ಮಹಿಳಾ ವಿಭಾಗದಲ್ಲಿ ಸೀರೆಯೇ ಯೂನಿಫಾರ್ಮ್ ಆಯಿತು. ಆ ವಿಭಾಗದ ಅಧಿಕಾರಿ ಕಲ್ಯಾಣಿ ಸೇನ್ 1945ರಲ್ಲಿ ಸ್ಕಾಟ್ಲೆಂಡಿನ ರೊಸೈತ್ ನೌಕಾನೆಲೆಗೆ ಹೋದಾಗಿನ ಫೋಟೋಗಳಲ್ಲಿ ಸೀರೆಯಲ್ಲೇ ಇದ್ದಾರೆ. ಆ ಕಾಲದಲ್ಲಿ ಇಂಥ ಸೇವೆಯಲ್ಲಿದ್ದವರು ನಿಮ್ಮ ಮನೆತನದಲ್ಲಿದ್ದರೆ, ಅವರ ಫೋಟೋ ಇದ್ದರೆ, ದಯವಿಟ್ಟು ಪ್ರತಿ ಕಳಿಸಿ. ಪ್ರಕಟಿಸುತ್ತೇವೆ.

– ಸಂ.