‘ಅಪ್ಪಂಗೆ ರೆಸ್ಟ್ ಸಿಗುತ್ತೆ, ನಂಗೆ ಸಿಗಲ್ಲ’: ಒಂದು ಸೈಕಲ್ ಕೇಸ್

ಮಗನ ವಿಷಯಕ್ಕೆ ನನ್ನ ಹತ್ರ ಸಲಹೆ ಕೇಳೋಕೆ ಬಂದ ಒಬ್ಬ ಹುಡುಗನ ಅಪ್ಪ ಅಮ್ಮನ ಒಪ್ಪಿಗೆ ತಗೊಂಡೇ ಇದನ್ನ ಬರೀತಿದೀನಿ, ಗುರುತು ಸಿಗ್ಬಾರ್ದು ಅಂತ ಒಂದೆರಡು ವಿವರ ಬದಲಾಯಿಸಿದೀನಿ. ಕುಶಾಲನಗರದಿಂದ ಸ್ವಲ್ಪ ಒಳಗೆ ಕಾಫಿ ತೋಟ, ಮನೇಲಿ ಅಪ್ಪ, ಅಮ್ಮ, ಅಜ್ಜ, ಮತ್ತೆ 7 ವರ್ಷದ ಹುಡುಗ. ಅಪ್ಪಂಗೆ ಸೈಕಲ್ ಅಂದ್ರೆ ಹುಚ್ಚು, ಭಾನುವಾರ ಮಡಿಕೇರಿ ತನಕ ಏರು ಹತ್ತಿ ವಾಪಸ್ ಬಂದು ತಿಂಡಿ ತಿನ್ನೋ ಜನ. ಮಗನ್ನೂ ಜೊತೆಗೆ ಕರ್ಕೊಂಡು ಹೋಗ್ಬೇಕು ಅಂತ ಆಸೆ, ತಪ್ಪೇನಿಲ್ಲ.

ಮಳೆ ನಿಂತು ಅಕ್ಟೋಬರಲ್ಲಿ ಶುರು ಮಾಡಿದ್ರಂತೆ. ಎರಡು ವಾರ ಹೋದ ಹುಡುಗ ಮೂರನೇ ವಾರದಿಂದ ಹೊಟ್ಟೆನೋವು ಅಂದ, ಆಮೇಲೆ ಭಾನುವಾರ ಬಂದ್ರೆ ಸಾಕು ಸೈಕಲ್ ಟೈರ್ ಫ್ಲಾಟ್. ಪಂಕ್ಚರ್ ಅಂಗಡಿಯವನು ಟ್ಯೂಬ್ ನೀರಲ್ಲಿ ಮುಳುಗಿಸಿ ತಿರುಗಿಸಿ ತಿರುಗಿಸಿ ನೋಡಿದ, ಒಂದು ಗುಳ್ಳೆನೂ ಏಳ್ಲಿಲ್ಲ. ಕೊನೆಗೆ ಬಟ್ಟೆ ಒಗೆಯುವಾಗ ಅಮ್ಮಂಗೆ ಮಗನ ಚಡ್ಡಿ ಜೇಬಲ್ಲಿ ವಾಲ್ವ್ ಕ್ಯಾಪ್ ಸಿಕ್ತು. ಶನಿವಾರ ರಾತ್ರಿ ತಾನೇ ಗಾಳಿ ಬಿಟ್ಟು ಮಲಗ್ತಿದ್ದ ಪುಣ್ಯಾತ್ಮ! ಅಪ್ಪಂಗೆ ಕೋಪ ಬಂದಿದ್ದು ಟೈರಿಗಲ್ಲ, ಸುಳ್ಳಿಗೆ. ಹಾಗಾಗಿ ನನ್ನ ಹತ್ರ ಬಂದ್ರು.

“ಮೇಡಂ, ಇವ್ನಿಗೆ ಸ್ಟ್ಯಾಮಿನಾನೂ ಇಲ್ಲ ಮನಸೂ ಇಲ್ಲ” ಅಂದ್ರು ಅಪ್ಪ. “ಬೇಡ ಅಂದ್ರೆ ಬಿಟ್ಬಿಡಿ ಅಂತೀನಿ, ಕೇಳಲ್ಲ” ಅಂದ್ರು ಅಮ್ಮ. ಆದ್ರೆ ಮಾತಿನ ಮಧ್ಯೆ ಅಮ್ಮನೇ ಒಂದು ವಿಷಯ ಹೇಳಿದ್ರು, ದಿನಾ ಸಂಜೆ ಲೈನ್ ಮನೆ (ತೋಟದ ಕೆಲಸಗಾರರ ಸಾಲು ಮನೆ) ಮಕ್ಕಳ ಜೊತೆ ಕಾಫಿ ಒಣಗಿಸೋ ಕಣದಲ್ಲಿ ಕತ್ತಲಾಗೋ ತನಕ ಸೈಕಲ್ ಸುತ್ತಿಸ್ತಾನೆ, ಕರೆದ್ರೂ ಬರಲ್ಲ ಅಂತ. ಅಲ್ಲಿಗೆ ಸ್ಟ್ಯಾಮಿನಾ ಮಾತು ಮುಗೀತು. 5ರಿಂದ 17 ವರ್ಷದ ಮಕ್ಕಳಿಗೆ ದಿನಕ್ಕೆ ಸರಾಸರಿ 60 ನಿಮಿಷ ಮೈ ದಣಿಯೋ ಆಟ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿರೋದು, ಅದನ್ನ ಇವ್ನು ಕಣದಲ್ಲೇ ಮುಗಿಸ್ತಿದ್ದ.

ಹುಡುಗನ್ನ ಒಬ್ಬನ್ನೇ ಕೂರಿಸ್ಕೊಂಡು ಮಾತಾಡ್ಸಿದೆ. ಮೊದಲು ಏನೂ ಬಾಯಿ ಬಿಡ್ಲಿಲ್ಲ, ಬಿಸ್ಕೆಟ್ ತಿಂದ. ಆಮೇಲೆ ಹೇಳಿದ, “ಅಪ್ಪ ಮುಂದೆ ಹೋಗಿ ನಿಂತ್ಕೊಂಡು ಕಾಯ್ತಾರೆ, ನಾನು ಹತ್ರ ಹೋದ ತಕ್ಷಣ ‘ಬಂದ್ಯಾ, ಸರಿ ಬಾ’ ಅಂತ ಹೊರಟುಬಿಡ್ತಾರೆ. ಅಪ್ಪಂಗೆ ರೆಸ್ಟ್ ಸಿಗುತ್ತೆ, ನಂಗೆ ಸಿಗಲ್ಲ.” ಇಷ್ಟು ವರ್ಷದ ಕೆಲಸದಲ್ಲಿ ಸಮಸ್ಯೇನ ಇಷ್ಟು ನೀಟಾಗಿ ಹೇಳಿದ ದೊಡ್ಡವರು ಕಮ್ಮಿ. ಇದನ್ನ ಅಪ್ಪಂಗೆ ಹೇಳಿದಾಗ ಅವ್ರು ಒಂದು ನಿಮಿಷ ಸುಮ್ನಿದ್ರು, ಆಮೇಲೆ “ಹೌದಲ್ವಾ” ಅಂದ್ರು.

ಆಮೇಲೆ ಮನೆಗೆ ಹೋಗಿ ಕಾಫಿ ಚೀಲ ತೂಗೋ ತಕ್ಕಡಿ ಮೇಲೆ ಮಗನ್ನ ತೂಗಿ, ಅವನ ಸೈಕಲ್ ತೂಗಿ ಅಂದೆ. ಹುಡುಗ 21 ಕೆಜಿ, ಸೈಕಲ್ 13 ಕೆಜಿ. ಅಪ್ಪ 74 ಕೆಜಿ, ಅವ್ರ ಗೇರ್ ಸೈಕಲ್ 11. ಮಗನ ತೂಕಕ್ಕೆ ಅವನ ಸೈಕಲ್ ಎಷ್ಟು ಭಾರವೋ ಅದೇ ಪ್ರಮಾಣದಲ್ಲಿ ಲೆಕ್ಕ ಹಾಕಿದ್ರೆ ಅಪ್ಪ ಸುಮಾರು 46 ಕೆಜಿ ಸೈಕಲ್ ತುಳಿದಂಗೆ, ಅಂದ್ರೆ ಹೆಚ್ಚುಕಮ್ಮಿ ಒಂದು ಚೀಲ ಕಾಫಿ ಚೆರ್ರಿ ಹೊತ್ಕೊಂಡು ಏರು ಹತ್ತಿದಂಗೆ. ತೋಟದವರಿಗೆ ಈ ಭಾಷೆ ಬೇಗ ಅರ್ಥ ಆಗುತ್ತೆ. ನಾನು ಸೈಕಲ್ ಕಲಿತಿದ್ದೇ 28ನೇ ವಯಸ್ಸಲ್ಲಿ, ರಿಪೇರಿ ಏನೂ ಗೊತ್ತಿಲ್ಲ, ಆದ್ರೂ ಬುಟ್ಟಿ, ಸೈಡ್ ಸ್ಟ್ಯಾಂಡು, ಹಿಂದೆ ಕ್ಯಾರಿಯರ್ರು ಅಂತ ಅಂಗಡಿಯವರು ಮಕ್ಕಳ ಸೈಕಲ್‌ಗೆ ಹಾಕಿ ಕೊಡೋ ಅಲಂಕಾರ ನೋಡಿದ್ರೆ ಸಿಟ್ಟು ಬರುತ್ತೆ. ಎಲ್ಲ ಬಿಚ್ಚಿ ಅಂದೆ. ಸೀಟು ತುಂಬಾ ಕೆಳಗಿತ್ತು, ಪೆಡಲ್ ಕೆಳಗೆ ಬಂದಾಗ ಮಂಡಿ ಸ್ವಲ್ಪ ಮಾತ್ರ ಮಡಚಿರಬೇಕು, ಕೂತಲ್ಲೇ ಪಾದದ ಮುಂಭಾಗ ನೆಲಕ್ಕೆ ತಾಗಿದ್ರೆ ಸಾಕು. ಗಾಳಿ ಎಷ್ಟು ಅಂತ ಟೈರಿನ ಪಕ್ಕದಲ್ಲೇ ಅಚ್ಚಾಗಿರುತ್ತೆ, ಅದನ್ನ ಮೀರದಂಗೆ ಹಾಕ್ಸಿ. ಬ್ರೇಕ್ ಹಿಡಿ ಪುಟ್ಟ ಬೆರಳಿಗೆ ಎಟುಕುತ್ತಾ ನೋಡಿ, ಹೆಲ್ಮೆಟ್ ಹಿಂದಕ್ಕೆ ಜಾರದೆ ಹುಬ್ಬಿನ ಮೇಲೆ ಎರಡು ಬೆರಳು ಜಾಗ ಬಿಟ್ಟು ಕೂರಬೇಕು.

ನಿಜವಾದ ಸಲಹೆ ಇಷ್ಟೇ, ಇನ್ಮೇಲೆ ಮಗ ಮುಂದೆ, ನೀವು ಹಿಂದೆ, ವಾಹನ ಬರೋ ಬದಿಗೆ ಸ್ವಲ್ಪ ಸರ್ಕೊಂಡು. ಅವನು ಎಲ್ಲಿ ಕಾಲು ಊರ್ತಾನೋ ಅಲ್ಲಿ ಸ್ಟಾಪ್, ರೆಸ್ಟ್ ಲೆಕ್ಕ ಅವನ ಕಾಲು ನೆಲಕ್ಕೆ ಬಿದ್ದಲ್ಲಿಂದ, ನಿಮ್ಮದಲ್ಲ. ಕಿಲೋಮೀಟರ್ ಅನ್ನೋ ಪದಾನೇ ಬಾಯಲ್ಲಿ ಬರ್ಬಾರ್ದು, ಬೇಕಿದ್ರೆ “ಆ ಸೇತುವೆ ತನಕ, ಆ ಬೇಕರಿ ತನಕ” ಅನ್ನಿ. ಅರ್ಧ ಗಂಟೆಗೊಮ್ಮೆ ಬಾಳೆಹಣ್ಣೋ ಕಿತ್ತಳೆನೋ ಏನಾದ್ರೂ ಬಾಯಿಗೆ, ಬಾಯಾರಿಕೆ ಅನ್ನೋ ಮೊದಲೇ ನೀರು. ವಾಪಸ್ ಸೈಕಲಲ್ಲೇ ಬರ್ಬೇಕು ಅನ್ನೋ ಹಟ ಬೇಡ, ಅಜ್ಜ ಜೀಪ್ ತಗೊಂಡು ನೀವು ಮುಟ್ಟೋ ಜಾಗದಲ್ಲಿ ಕಾಯ್ಲಿ. ಫ್ಯಾಮಿಲಿ ಗ್ರೂಪಿಗೆ “ಇವತ್ತು ಇಷ್ಟು ದೂರ” ಅಂತ ಫೋಟೋ ಹಾಕೋದು ಬಂದ್, ಚಿಕ್ಕಪ್ಪ ದೊಡ್ಡಪ್ಪಂದಿರ ಥಂಬ್ಸ್ ಅಪ್ ಬಂದ್ರೆ ಮುಂದಿನ ವಾರ ಅದಕ್ಕಿಂತ ಜಾಸ್ತಿ ಹೋಗೋಣ ಅನ್ಸುತ್ತೆ, ನಿಮಗೆ ಅನ್ಸುತ್ತೆ, ಅವನಿಗಲ್ಲ.

ಟೈಮ್ ಬಗ್ಗೆ ಮಾತ್ರ ಸ್ಟ್ರಿಕ್ಟಾಗಿ ಹೇಳಿದೆ. ಇವ್ರು 6 ಗಂಟೆಗೆ ಹೊರಡ್ತಿದ್ರು, ನಮ್ಮ ಕಡೆ ಬೆಳಗಿನ ಜಾವ ಮುಸ್ಸಂಜೆ ಎರಡೂ ಆನೆ ರಸ್ತೆ ದಾಟೋ ಹೊತ್ತು, ಮಂಜು ಬೇರೆ. ಬಿಸಿಲು ಬಂದ ಮೇಲೆ ಹೊರಡಿ. ಮಡಿಕೇರಿ ಕಡೆ ಏರೂ ಬೇಡ, ಮೈಸೂರು ಹೈವೇನೂ ಬೇಡ. ಸೈಕಲ್‌ಗಳನ್ನ ಜೀಪಿಗೆ ಹಾಕ್ಕೊಂಡು ಪೇಟೆಗೆ ಬಂದು ಹಾರಂಗಿ ಡ್ಯಾಮ್ ಕಡೆ ಹೋಗಿ, ಸುಮಾರು 9 ಕಿಮೀ, ಆದ್ರೆ ಮೊದಲ ದಿನಾನೇ ಡ್ಯಾಮ್ ಮುಟ್ಟೋ ಆಸೆ ಬೇಡ.

ನಂದೂ ಒಂದು ಐಡಿಯಾ ಫ್ಲಾಪ್ ಆಯ್ತು. ಹೋದಾಗೆಲ್ಲ ಕ್ಯಾಲೆಂಡರಲ್ಲಿ ಸ್ಟಾರ್ ಅಂಟಿಸಿ ಅಂದಿದ್ದೆ. ಒಂದೇ ವಾರಕ್ಕೆ ಇವ್ನು ಪ್ರತಿ ಸ್ಟಾಪಿಗೂ ಸ್ಟಾರ್ ಕೇಳೋಕೆ ಶುರು ಮಾಡಿ, ನಿಲ್ಲಿಸಿದ್ರು.

ಡಿಸೆಂಬರ್ ಬಂತು, ಕಣದ ತುಂಬ ಕಾಫಿ ಹರಡಿ ಸಂಜೆ ಸುತ್ತಾಟಕ್ಕೆ ಜಾಗ ಇಲ್ದಂಗಾಯ್ತು, ಆಗ ಭಾನುವಾರ ಯಾವಾಗ ಅಂತ ಹುಡುಗನೇ ಕೇಳೋಕೆ ಶುರು ಮಾಡಿದ್ನಂತೆ. ಜನವರಿಲಿ ಅಪ್ಪ ಫೋನ್ ಮಾಡಿದ್ರು. ಡ್ಯಾಮ್ ಮುಟ್ಟೋಕೆ ಎರಡು ಗಂಟೆ 20 ನಿಮಿಷ, 7 ಸ್ಟಾಪ್, ಅದ್ರಲ್ಲಿ ಒಂದು ಬರೀ ಸತ್ತ ಏಡಿ ನೋಡೋಕೆ. ವಾಪಸ್ ಜೀಪಲ್ಲಿ ಅಜ್ಜನ ಪಕ್ಕ ಕೂತವನು ಪೇಟೆ ಹತ್ರ ಬರ್ತಿದ್ದಂಗೆ ನಿಲ್ಸಿ ನಿಲ್ಸಿ ಅಂತ ಇಳಿದು, ಕ್ಲಾಸ್‌ಮೇಟ್ ಮನೆ ಮುಂದೆ ಮಾತ್ರ ಸೈಕಲ್ ಹೊಡ್ಕೊಂಡು ಹೋದ್ನಂತೆ.

“ತುಂಬಾ ಖುಷಿ ಆಯ್ತು ಮೇಡಂ, ಮುಂದಿನ ವಾರ 25 ಮಾಡ್ಸೋಣ ಅಂತಿದೀನಿ” ಅಂದ್ರು.

“ಮಗಂಗೆ ಫೋನ್ ಕೊಡಿ” ಅಂದೆ.