ಹಳೆ ಸೆಡಾನ್‌ಗೆ ಯಾವ ಅಳತೆಯ ಟಯರ್?

ಪ್ರಶ್ನೆ: 2005ರ ಸೆಡಾನ್, ಟಯರ್ 175/70 ಆರ್13 82ಟಿ. ಈ ಅಳತೆ ಸ್ಟಾಕ್ ಇಲ್ಲ, 185/70 ಆರ್13 ಹಾಕಿಸಿ ಎನ್ನುತ್ತಾರೆ ಅಂಗಡಿಯವರು. ಹಾಕಿಸಬಹುದೇ?
– ಓದುಗರು, ಉಡುಪಿ

ಉತ್ತರ: ಬೇಡ. ಮೊದಲು ಚಾಲಕನ ಬಾಗಿಲ ಬಳಿಯ ಸ್ಟಿಕ್ಕರ್ ಅಥವಾ ಕೈಪಿಡಿ ನೋಡಿ. ಹಿಂದಿನ ಮಾಲೀಕರೇ ಅಳತೆ ಬದಲಿಸಿರಬಹುದು. ಅಲ್ಲೂ ಇದೇ ಅಳತೆಯಿದ್ದರೆ ಲೆಕ್ಕ ಹೀಗೆ: 175 ಮಿ.ಮೀ. ಅಗಲದ ಶೇ. 70 ಎಂದರೆ ಪಕ್ಕದ ಎತ್ತರ 122.5. ಅದರ ಎರಡರಷ್ಟಕ್ಕೆ 13 ಇಂಚಿನ ರಿಮ್ (330 ಮಿ.ಮೀ.) ಸೇರಿಸಿದರೆ ವ್ಯಾಸ 575. 185/70ರಲ್ಲಿ ಅದು 589, ಅಂದರೆ ಶೇ. 2.4 ಹೆಚ್ಚು. ಮೀಟರ್ 80 ತೋರಿಸುವಾಗ ಗಾಡಿ 82ರಲ್ಲಿ ಓಡುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ಉಜ್ಜುವುದು: ಐದು ಜನ ಕೂತು ಆಗುಂಬೆ ಘಾಟಿ ಹತ್ತುವಾಗ ಸ್ಟೇರಿಂಗ್ ಪೂರ್ತಿ ತಿರುಗಿಸಿದರೆ ಟಯರಿನ ಅಂಚು ಮಡ್‌ಗಾರ್ಡ್ ಒಳಗಿನ ಪ್ಲಾಸ್ಟಿಕ್ ಲೈನರ್‌ಗೆ (ಹೊದಿಕೆಗೆ) ತಾಗಬಹುದು. ಖಾಲಿ ಗಾಡಿಯನ್ನು ಅಂಗಡಿಯೆದುರು ತಿರುಗಿಸಿ ನೋಡಿದರೆ ಇದು ಗೊತ್ತಾಗದು. ನಮ್ಮ ಕರಾವಳಿ ಮಳೆಯಲ್ಲಿ ಅಗಲದ ಟಯರ್ ನಿಂತ ನೀರಿನ ಮೇಲೆ ಬೇಗ ತೇಲುತ್ತದೆ ಕೂಡ.

ನಾಲ್ಕು ದಿನ ಕಾದು ಮೂಲ ಅಳತೆಯನ್ನೇ ತರಿಸಿಕೊಳ್ಳಿ. ಹೇಗೂ ರಿಮ್ ಬದಲಿಸುವುದಿದ್ದರೆ 185/60 ಆರ್14 ಹತ್ತಿರದ ಅಳತೆ, ವ್ಯಾಸ 578. ಆದರೆ ರಿಮ್‌ನ ಬೋಲ್ಟ್ ಅಂತರ, ಆಫ್‌ಸೆಟ್ (ಬೋಲ್ಟ್ ಕೂರುವ ಭಾಗ ರಿಮ್‌ನ ನಡುಗೆರೆಯಿಂದ ಎಷ್ಟು ಸರಿದಿದೆ ಎಂಬ ಅಳತೆ) ಹೊಂದಬೇಕು. ಟಯರ್ ಹೊರಬಲ್ಲ ಭಾರ ಸೂಚಿಸುವ ಅಂಕೆ, ಅಂದರೆ ಲೋಡ್ ಇಂಡೆಕ್ಸ್, 82ಕ್ಕಿಂತ (ಟಯರಿಗೆ 475 ಕೆ.ಜಿ.) ಇಳಿಯಬಾರದು. ಟಯರಿನ ಪಕ್ಕದಲ್ಲಿ ಅಚ್ಚೊತ್ತಿದ ತಯಾರಿ ಸಂಕೇತದ ಕೊನೆಯ ನಾಲ್ಕು ಅಂಕೆ ಓದಿಯೇ ದುಡ್ಡು ಕೊಡಿ: 2324 ಎಂದಿದ್ದರೆ 2024ರ 23ನೇ ವಾರದ ತಯಾರಿ. ಎರಡೇ ಕೊಳ್ಳುವುದಾದರೆ ಹೊಸವು ಹಿಂದಿನ ಚಕ್ರಗಳಿಗೆ.